ಕ್ಯಾಮೆರಾಕ್ಕೊಂದು ಮೆತ್ತನೆಯ ಗೂಡು

ಕೋಲಾರದ ಕಡೆ ಛಾಯಾಗ್ರಾಹಕನಿಗೆ ವಿಷಯಗಳ ಬರವಿಲ್ಲ. ಕೋಲಾರದಲ್ಲಿ ಕೋಲಾರಮ್ಮನ ಗುಡಿ ಮತ್ತು ಸೋಮೇಶ್ವರ ದೇವಾಲಯ, ಮುಳಬಾಗಿಲಿನ ಕಡೆ ಆವನಿ ಮತ್ತು ಕುರುಡುಮಲೆ, ಮಾಲೂರಿನ ಕಡೆ ಟೇಕಲ್ಲಿನ ಬಂಡೆಗಳು, ಶ್ರೀನಿವಾಸಪುರದಲ್ಲಿ ಮಾವಿನ ತೋಪುಗಳು. ಇವುಗಳ ಜೊತೆಗೆ ಮದುವೆ, ನಾಮಕರಣ, ಗೃಹಪ್ರವೇಶ ಇದ್ದೇ ಇವೆ. ಈ ಊರುಗಳ ನಡುವೆ ಬಸ್ಸಿನಲ್ಲೋ ಸ್ಕೂಟರಿನಲ್ಲೋ ಓಡಾಡುವ ಎಷ್ಟೋ ಯುವಕರಿಗೆ ಇರುವುದು ಒಂದೇ ಕ್ಯಾಮೆರಾ. ಲಗ್ನದ ದಿನಗಳಲ್ಲಿ ಅದು ಕೆಟ್ಟರೆ ರಿಪೇರಿಯ ಖರ್ಚು ಒಂದು ಕಡೆ, ಒಪ್ಪಿಕೊಂಡ ಕೆಲಸ ಕೈತಪ್ಪುವುದು ಇನ್ನೊಂದು ಕಡೆ. ಆದರೂ ಅಂಗಡಿಯ ಕ್ಯಾಮೆರಾ ಚೀಲದ ಬೆಲೆ ಕೇಳಿ, ಟವೆಲ್ಲಿನಲ್ಲಿ ಸುತ್ತಿ ಒಯ್ಯುವವರೇ ಹೆಚ್ಚು.

ಟವೆಲ್ಲು ಏಕೆ ಸಾಲದು? ಮಾವಿನಹಣ್ಣು ತುಂಬುವವರು ಪೆಟ್ಟಿಗೆಯೊಳಗೆ ಹುಲ್ಲು ಹಾಸುವುದನ್ನು ತಾವು ನೋಡಿದ್ದೀರಿ. ಹುಲ್ಲು ಪೆಟ್ಟನ್ನು ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ. ಮುಖ್ಯ ಸಂಗತಿ ಇದೇ. ೭೫ ಸೆಂ.ಮೀ. ಎತ್ತರದ ಮೇಜಿನಿಂದ ಸಿಮೆಂಟು ನೆಲಕ್ಕೆ ಬಿದ್ದ ಕ್ಯಾಮೆರಾ ೧ ಮಿ.ಮೀ. ದೂರದಲ್ಲಿ ನಿಂತುಬಿಟ್ಟರೆ, ಅದರ ಮೇಲೆ ಬೀಳುವ ಸರಾಸರಿ ಬಲ ಅದರ ತೂಕದ ಸುಮಾರು ೭೫೦ ಪಟ್ಟು. ಅದೇ ಕ್ಯಾಮೆರಾ ೧ ಸೆಂ.ಮೀ. ತಗ್ಗುತ್ತಾ ನಿಂತರೆ ಆ ಬಲ ಸುಮಾರು ೭೫ ಪಟ್ಟಿಗೆ ಇಳಿಯುತ್ತದೆ. ಟವೆಲ್ಲು ಪೆಟ್ಟು ಬಿದ್ದೊಡನೆ ಪೂರ್ತಿ ಚಪ್ಪಟೆಯಾಗುತ್ತದೆ, ದೂರ ಕೊಡುವುದಿಲ್ಲ. ನಮಗೆ ಬೇಕಾದದ್ದು ತಗ್ಗಿ, ಮತ್ತೆ ಮೇಲೇಳುವ ವಸ್ತು.

ಅದು ಹಾಸಿಗೆ ಅಂಗಡಿಗಳಲ್ಲಿ, ಪ್ಯಾಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಬಿಳಿಯ ಇ.ಪಿ.ಇ. ಫೋಮ್. ಹಳೆಯ ಯೋಗಾಸನದ ಮ್ಯಾಟ್ ಗಟ್ಟಿಯಾಗಿದ್ದರೆ ಅದೂ ಆದೀತು. ಇ.ಪಿ.ಇ. ಫೋಮಿನೊಳಗಿನ ಗಾಳಿಯ ಗುಳ್ಳೆಗಳು ಒಂದೊಂದೂ ಮುಚ್ಚಿಕೊಂಡಿರುವುದರಿಂದ ಅದು ನೀರು ಹೀರುವುದಿಲ್ಲ. ಸೋಫಾದ ಸ್ಪಂಜು ನೀರು ಹೀರುತ್ತದೆ, ವರ್ಷಗಳು ಕಳೆದಂತೆ ಪುಡಿಯಾಗಿ ಲೆನ್ಸಿಗೆ ಮೆತ್ತುತ್ತದೆ. ಥರ್ಮೋಕೋಲ್ ಬೇಡವೇ ಬೇಡ. ಒಂದು ಪೆಟ್ಟಿಗೆ ಕುಸಿದರೆ ಅದು ಮತ್ತೆ ಏಳುವುದಿಲ್ಲ, ಕಾಳುಕಾಳಾಗಿ ಉದುರುತ್ತದೆ. ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿ ನೋಡಿ. ಅರ್ಧದಷ್ಟು ತಗ್ಗಿ, ಕೈ ತೆಗೆದೊಡನೆ ಮೇಲೇಳಬೇಕು.

ಈಗ ಅಳತೆ. ಚೀಲದ ಒಳಭಾಗ ೩೦ ಸೆಂ.ಮೀ. ಉದ್ದ, ೧೫ ಅಗಲ, ೨೧ ಎತ್ತರ ಇದೆಯೆಂದು ಇಟ್ಟುಕೊಳ್ಳೋಣ. ಮಕ್ಕಳ ಶಾಲೆಯ ಚೀಲವೂ ಆಗುತ್ತದೆ. ಅದರಲ್ಲಿ ಬೆಲೆಬಾಳುವ ವಸ್ತುವಿದೆಯೆಂದು ಬಸ್ಸಿನಲ್ಲಿ ಯಾರಿಗೂ ಅನಿಸದಿರುವುದು ಇನ್ನೊಂದು ಲಾಭ. ೧ ಸೆಂ.ಮೀ. ದಪ್ಪದ, ೧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಫೋಮ್ ಸಾಕು. ಅದರಲ್ಲಿ ತಳಕ್ಕೆ ೨೯ × ೧೪ ಅಳತೆಯ ಎರಡು ತುಂಡು, ಮುಚ್ಚಳಕ್ಕೆ ಅದೇ ಅಳತೆಯ ಒಂದು, ಉದ್ದದ ಗೋಡೆಗಳಿಗೆ ೨೯ × ೧೭ರ ಎರಡು, ಅಡ್ಡ ಗೋಡೆಗಳಿಗೆ ೧೨ × ೧೭ರ ಎರಡು, ಒಳಗಿನ ತಡಿಕೆಗಳಿಗೆ ಅದೇ ಅಳತೆಯ ಇನ್ನೆರಡು ಕತ್ತರಿಸಿ. ತಳಕ್ಕೆ ಎರಡು ಪದರ ಏಕೆಂದರೆ, ಚೀಲವನ್ನು ನಾವು ಕುಕ್ಕುವುದು ತಳದ ಮೇಲೆಯೇ. ೨ ಸೆಂ.ಮೀ. ಫೋಮ್ ಅರ್ಧಕ್ಕೆ ತಗ್ಗಿದರೆ ಮೇಲೆ ಹೇಳಿದ ೧ ಸೆಂ.ಮೀ. ದೂರ ಸಿಕ್ಕಂತಾಯಿತು.

ಪ್ರತಿ ತುಂಡಿಗೂ ತೊಳೆದ ಹತ್ತಿ ಬಟ್ಟೆಯ ಗವಸು ಹೊಲಿಯಿರಿ. ಜೂಲು ಬಿಡುವ ಬಟ್ಟೆ ಬೇಡ. ತಿಳಿ ಹಳದಿ ಬಣ್ಣವಿದ್ದರೆ ಕಪ್ಪು ಲೆನ್ಸ್ ಮುಚ್ಚಳ ಒಡನೆ ಕಣ್ಣಿಗೆ ಬೀಳುತ್ತದೆ. ಗೋಡೆಗಳನ್ನು ತಳದ ಮೇಲೆ ನಿಲ್ಲಿಸಿ, ಅಂಚುಗಳನ್ನು ದಪ್ಪ ದಾರದಿಂದ ಸೇರಿಸಿ. ಮುಚ್ಚಳಕ್ಕೆ ಒಂದೇ ಬದಿಯ ಹೊಲಿಗೆ. ರಬ್ಬರ್ ಅಂಟು ಬಳಸುವುದಾದರೆ ಕಿಟಕಿ ತೆರೆದಿಡಿ, ವಾಸನೆ ಪೂರ್ತಿ ಹೋಗುವವರೆಗೆ ಕ್ಯಾಮೆರಾ ಇಡಬೇಡಿ.

ತಡಿಕೆಗಳನ್ನು ಬೇಕಾದಲ್ಲಿ ನಿಲ್ಲಿಸಲು ವೆಲ್ಕ್ರೋ ಪಟ್ಟಿ ಬೇಕು. ಉತ್ತರಾಣಿ ಬೀಜ ಪಂಚೆಗೆ ಅಂಟುವ ರೀತಿಯೇ ಇದರದೂ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಎಂಬ ಎಂಜಿನಿಯರ್ ೧೯೪೧ರಲ್ಲಿ ತಮ್ಮ ನಾಯಿಯ ಮೈಗೆ ಅಂಟಿದ ಇಂಥದೇ ಕಾಯಿಗಳನ್ನು ನೋಡಿ ಇದನ್ನು ಯೋಚಿಸಿದರು. ಸಾದಾ ಹತ್ತಿ ಬಟ್ಟೆಯನ್ನು ಇದರ ಕೊಕ್ಕೆಗಳು ಹಿಡಿಯುವುದಿಲ್ಲ. ಆದ್ದರಿಂದ ಮೆತ್ತನೆಯ ಪಟ್ಟಿಯನ್ನು ಉದ್ದ ಗೋಡೆಗಳ ಒಳಮೈಗೆ, ಕೊಕ್ಕೆಯ ಪಟ್ಟಿಯನ್ನು ತಡಿಕೆಯ ಅಂಚಿಗೆ ಹೊಲಿಯಬೇಕು.

ಕ್ಯಾಮೆರಾವನ್ನು ಲೆನ್ಸ್ ಕೆಳಮುಖವಾಗಿ ಇಟ್ಟು, ಅದರ ಭಾರ ಲೆನ್ಸಿನ ತುದಿಯ ಮೇಲೆ ಬೀಳದಂತೆ ಇಕ್ಕೆಲದ ತಡಿಕೆಗಳನ್ನು ಬಿಗಿ ಮಾಡಿ. ಚೀಲ ಅಲ್ಲಾಡಿಸಿದರೆ ಸದ್ದು ಬರಬಾರದು. ಬಸ್ಸಿನ ಸತತ ಕುಲುಕಾಟಕ್ಕೆ ಲೆನ್ಸಿನ ಸಣ್ಣ ತಿರುಪುಗಳು ಸಡಿಲವಾಗುವುದುಂಟು.

ಕೊನೆಯದಾಗಿ ಧೂಳು ಮತ್ತು ತೇವ. ಮಾಲೂರಿನ ಇಟ್ಟಿಗೆ ಗೂಡುಗಳ ಕಡೆ ಹೋಗಿಬಂದ ದಿನ ಗೂಡನ್ನು ಹೊರತೆಗೆದು ಕೊಡವಿ, ಆಗಾಗ್ಗೆ ಗವಸು ಒಗೆಯಿರಿ. ಮಳೆಯಲ್ಲಿ ನೆನೆದ ಚೀಲದೊಳಗೆ ಕ್ಯಾಮೆರಾ ಮುಚ್ಚಿಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಮೂಲೆಯಲ್ಲೊಂದು ಸಿಲಿಕಾ ಜೆಲ್ ಪೊಟ್ಟಣವಿರಲಿ, ಆದರೆ ಮಕ್ಕಳ ಕೈಗೆ ಸಿಗದಿರಲಿ. ಓಡುವ ಸ್ಕೂಟರಿನಿಂದ ಬಿದ್ದರೆ ಈ ಗೂಡು ಕಾಪಾಡೀತೆಂದು ನಂಬಬೇಡಿ. ಚೀಲ ಯಾವಾಗಲೂ ತಮ್ಮ ಹೆಗಲ ಮೇಲೆಯೇ ಇರಲಿ.