ಸ್ಲೆಡ್ಜಿಂಗ್ ಬಗ್ಗೆ ಬೈಬಲ್ ಏನು ಹೇಳುತ್ತೆ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ, ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಬರೆದಿದ್ದೀನಿ.

ನಾವಿರೋದು ತಾರ್ನಾಕದಲ್ಲಿ. ಇಲ್ಲಿ ಮೆಟ್ರೋ ಹತ್ತಿದರೆ ಮೂರನೇ ಸ್ಟೇಷನ್ನೇ ಸ್ಟೇಡಿಯಂ. ಆರ್‌ಸಿಬಿ ಉಪ್ಪಲ್‌ಗೆ ಬಂದಾಗ ಕೆಂಪು ಜೆರ್ಸಿ ಹಾಕಿಕೊಂಡು ಮಗನನ್ನೂ ಕರೆದುಕೊಂಡು ಹೋಗಿದ್ದೆ. ಬೌಂಡರಿ ಹತ್ತಿರ ನಿಂತಿದ್ದ ಫೀಲ್ಡರ್‌ಗೆ ಜೋರಾಗಿ ಒಂದು ಮಾತು ಬೈದೆ. ಸುತ್ತ ಇದ್ದವರೆಲ್ಲ ತೆಲುಗಿನವರು, ಯಾರಿಗೆ ಗೊತ್ತಾಗುತ್ತೆ ಅನ್ನೋ ಧೈರ್ಯ. ವಾಪಸ್ ಬರುವಾಗ ಮಗ ಆ ಪದದ ಅರ್ಥ ಕೇಳಿದ. ಇಲ್ಲೇ ಬೆಳೆಯುತ್ತಿರುವ ಹುಡುಗ, ಅವನ ಕಿವಿಗೆ ಕನ್ನಡ ಬೀಳೋದು ನಮ್ಮ ಬಾಯಿಂದ ಮಾತ್ರ. ಆವತ್ತು ಅವನು ಕಲಿತ ಹೊಸ ಕನ್ನಡ ಪದ ಅದೊಂದೇ.

ನಾನು ಚರ್ಚಿಗೆ ಹೋಗುವವನು. ಹಾಗಾಗಿ ಬೈಬಲ್ ತೆಗೆದು ನೋಡಿದೆ. ಎದುರಾಳಿಯನ್ನ ಕೆಣಕಲೇಬಾರದು ಅಂತ ಅಲ್ಲಿಲ್ಲ! ಗೊಲ್ಯಾತ ದಾವೀದನಿಗೆ ನಿನ್ನ ಮಾಂಸವನ್ನ ಹಕ್ಕಿಗಳಿಗೆ ಹಾಕ್ತೀನಿ ಅಂತಾನೆ, ದಾವೀದ ಅಷ್ಟೇ ಖಾರವಾಗಿ ವಾಪಸ್ ಕೊಡ್ತಾನೆ. ಕರ್ಮೆಲ್ ಬೆಟ್ಟದ ಮೇಲೆ ಎಲೀಯ, ನಿಮ್ಮ ದೇವರು ಮಲಗಿರಬೇಕು, ಇನ್ನೂ ಜೋರಾಗಿ ಕೂಗಿ ಅಂತ ಬಾಳನ ಪ್ರವಾದಿಗಳನ್ನ ಗೇಲಿ ಮಾಡ್ತಾನೆ.

ಆದರೆ ಮತ್ತಾಯನ 5ನೇ ಅಧ್ಯಾಯಕ್ಕೆ ಬಂದರೆ ವಿಷಯ ಬೇರೆ. ಅಲ್ಲಿ ಯೇಸು ಬೈಗುಳವನ್ನ ತಂದು ಕೊಲೆಯ ಪಕ್ಕದಲ್ಲೇ ಇಡ್ತಾನೆ. ಅಲ್ಲಿ ಬರೋ 'ರಕಾ' ಅನ್ನೋ ಅರಮಾಯಿಕ್ ಪದಕ್ಕೆ ತಲೆ ಖಾಲಿ ಇರುವವನು ಅನ್ನೋ ಥರದ ಅರ್ಥ. ಅಷ್ಟೇನಾ ಅನ್ನಿಸುತ್ತೆ, ನಮ್ಮ ಸ್ಟ್ಯಾಂಡಪ್ ಮೀಟಿಂಗಲ್ಲಿ ಇದಕ್ಕಿಂತ ಕೆಟ್ಟದ್ದು ಕೇಳಿರ್ತೀವಿ. ಆದರೆ ಪದ ಎಷ್ಟು ಕೆಟ್ಟದು ಅನ್ನೋದಲ್ಲ ಅಲ್ಲಿನ ಪ್ರಶ್ನೆ. ಎದುರಿಗಿರುವವನು ನಿನಗೆ ಇನ್ನೂ ಮನುಷ್ಯನಾಗಿ ಕಾಣ್ತಿದ್ದಾನಾ ಅನ್ನೋದು.

2008ರ ಜನವರಿಯ ಸಿಡ್ನಿ ಟೆಸ್ಟ್ ನೆನಪಿರಬೇಕು. ಸೈಮಂಡ್ಸ್‌ಗೆ ಹರ್ಭಜನ್ ಕೋತಿ ಅಂದರು ಅಂತ ದೂರು, 3 ಟೆಸ್ಟ್ ನಿಷೇಧ. ಮೇಲ್ಮನವಿಯಲ್ಲಿ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್ ಜನಾಂಗೀಯ ನಿಂದನೆಯ ಆರೋಪ ಕೈಬಿಟ್ಟು, ಅವಾಚ್ಯ ಮಾತಿಗೆ ಪಂದ್ಯದ ಸಂಭಾವನೆಯ ಅರ್ಧ ದಂಡ ಹಾಕಿದರು. ನಮ್ಮ ಕಡೆಯ ವಾದ ಏನಿತ್ತು ಗೊತ್ತಾ? ಅವರು ಹೇಳಿದ್ದು ಕೋತಿ ಅಂತಲ್ಲ, ತಾಯಿಯನ್ನ ಎಳೆದು ತರೋ ಹಿಂದಿ ಬೈಗುಳ ಅಂತ. ಅದನ್ನ ಕೇಳಿ ದೇಶಕ್ಕೆ ದೇಶವೇ ನಿಟ್ಟುಸಿರು ಬಿಟ್ಟಿತು, ನಾನೂ ಬಿಟ್ಟೆ. ಅವ್ವನನ್ನ ಬೈದಿದ್ದು ಸಮಾಧಾನದ ಸುದ್ದಿ ಹೇಗಾಯ್ತು ಅಂತ ಆಗ ಹೊಳೆಯಲೇ ಇಲ್ಲ.

ಅದೇ ಟೆಸ್ಟ್ ಮುಗಿದ ಮೇಲೆ, ಒಂದು ತಂಡ ಮಾತ್ರ ಆಟದ ಸ್ಪೂರ್ತಿಯಿಂದ ಆಡ್ತಿತ್ತು ಅಂದವರು ನಮ್ಮ ಅನಿಲ್ ಕುಂಬ್ಳೆ. ಆ ಮಾತು ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಮುಂದಿನ ವಾರದ ಸಂಗತಿ. ಕುಂಬ್ಳೆ, ಧೋನಿಯನ್ನ ಬೈದರು ಅಂತ ಬ್ರಾಡ್ ಹಾಗ್ ಮೇಲೂ ದೂರಿತ್ತು. ಪರ್ತ್‌ನಲ್ಲಿ ಕುಂಬ್ಳೆ ಅದನ್ನ ವಾಪಸ್ ತಗೊಂಡರು. ಆಮೇಲೆ ಭಾರತ ಅಲ್ಲೇ 72 ರನ್ನಿಂದ ಗೆದ್ದಿತು. ಕುಂಬ್ಳೆಯ 600ನೇ ವಿಕೆಟ್ ಬಿದ್ದದ್ದೂ ಅದೇ ಟೆಸ್ಟಲ್ಲಿ, ಔಟಾದವರು ಸೈಮಂಡ್ಸ್! ದೂರು ಬಿಟ್ಟವರು ಆಟವನ್ನೇನೂ ಸಡಿಲ ಬಿಟ್ಟಿರಲಿಲ್ಲ.

ಮತ್ತಾಯನಲ್ಲೂ ಬೈಗುಳದ ಮಾತಾದ ಕೂಡಲೇ ಬರೋದು ರಾಜಿಯ ಮಾತು. ಕಾಣಿಕೆಯನ್ನ ವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಮುನಿಸಿಕೊಂಡವನ ಜೊತೆ ಸರಿ ಮಾಡಿಕೊ, ಆಮೇಲೆ ಬಾ ಅಂತ. ಕುಂಬ್ಳೆ ಅದನ್ನ ಓದಿ ಹಾಗೆ ಮಾಡಿದರು ಅಂತ ನಾನು ಹೇಳ್ತಿಲ್ಲ. ಆದರೆ ಆ ವಚನ ನಡೆದು ತೋರಿಸಿದರೆ ಹೇಗಿರುತ್ತೆ ಅಂತ ಕೇಳಿದರೆ ನಾನು ತೋರಿಸೋದು ಅದನ್ನೇ.

ಸೈಮಂಡ್ಸ್ ಕಥೆ ಆಮೇಲೆ ನಮ್ಮ ಊರಿಗೇ ಬಂತು. ಅದೇ ವರ್ಷ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಅವರನ್ನ ಕೊಂಡುಕೊಂಡಿತು. 2011ರಲ್ಲಿ ಮುಂಬೈ ಇಂಡಿಯನ್ಸ್‌ಗಾಗಿ ಹರ್ಭಜನ್, ಸೈಮಂಡ್ಸ್ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂತರು. 2022ರ ಮೇ ತಿಂಗಳಲ್ಲಿ ಸೈಮಂಡ್ಸ್ ಕಾರು ಅಪಘಾತದಲ್ಲಿ ತೀರಿಕೊಂಡರು, ವಯಸ್ಸು 46.

ನಾನು ಬೈದ ಆ ಫೀಲ್ಡರ್ ಜೊತೆ ಸರಿ ಮಾಡಿಕೊಳ್ಳೋಕೆ ನನಗೆ ದಾರಿಯಿಲ್ಲ. ಮಗನನ್ನ ಕೂರಿಸಿಕೊಂಡು, ಅದು ಕೆಟ್ಟ ಪದ ಕಣೋ, ಅಪ್ಪ ತಪ್ಪು ಮಾಡಿದೆ ಅಂದೆ. ಅವನು ಸ್ವಲ್ಪ ಯೋಚಿಸಿ, "ಆ ಅಂಕಲ್‌ಗೆ ಕೇಳಿಸ್ತಾ ಅಪ್ಪಾ?" ಅಂದ.