ಕೂಸಿನ ಕಣ್ಣಿನ ಪ್ರೆಶರ್

ನಮ್ಮ ವಿಜಯಪುರ ಕಡೆ ಕಣ್ಣಿನ ಆಪರೇಷನ್ ಅಂದ್ರೆ ಪೊರೆ ತೆಗೆಯೋದು ಅಂತಲೇ ಅರ್ಥ. ಆಗಿನ ವಿಜಾಪುರ ಜಿಲ್ಲೆಯ ಬೀಳಗಿಯವರಾದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ, ಉಚಿತ ಶಿಬಿರ ಮಾಡಿ ಲಕ್ಷಾಂತರ ಜನರ ಪೊರೆ ತೆಗೆದರು. ಪಟ್ಟಿ ಬಿಚ್ಚಿದರೆ ಅಜ್ಜ-ಅಜ್ಜಿಗೆ ಮತ್ತೆ ಕಾಣ್ತಿತ್ತು. ಗ್ಲಾಕೋಮಾ ಹಾಗಲ್ಲ. ನರ ಸತ್ತು ಹೋದ ದೃಷ್ಟಿ ತಿರುಗಿ ಬರೋದಿಲ್ಲ. ಆಪರೇಷನ್ ಮಾಡೋದು ಉಳಿದದ್ದನ್ನು ಕಾಪಾಡಲು. ಇದು ಹುಟ್ಟಿದ ಕೂಸಿಗೂ ಬರುತ್ತದೆ.

ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟದ ಡ್ರಿಪ್ ನೋಡಿದವರಿಗೆ ಇದು ಸುಲಭ. ಫಿಲ್ಟರ್ ಕಟ್ಟಿಕೊಂಡರೂ ಪಂಪ್ ಓಡುತ್ತಿದ್ದರೆ, ಫಿಲ್ಟರಿನ ಹಿಂದಿರುವ ಗೇಜಿನ ಮುಳ್ಳು ಏರುತ್ತದೆ. ಕಣ್ಣಿನೊಳಗೂ ತಿಳಿನೀರು ಸದಾ ತಯಾರಾಗುತ್ತಾ, ಒಂದು ಸಣ್ಣ ಜಾಲರಿಯ ಮೂಲಕ ಹೊರಹೋಗುತ್ತದೆ. ದೊಡ್ಡವರಲ್ಲಿ ಸಾಮಾನ್ಯ ಪ್ರೆಶರ್ 10ರಿಂದ 21 ಮಿ.ಮೀ. ಪಾದರಸ. ಕೆಲವು ಮಕ್ಕಳಲ್ಲಿ ಆ ಜಾಲರಿ ಹುಟ್ಟಿನಿಂದಲೇ ಸರಿಯಾಗಿ ಬೆಳೆದಿರುವುದಿಲ್ಲ. ನೀರು ನಿಂತು, ಪ್ರೆಶರ್ ಏರಿ, ಮೆದುಳಿಗೆ ಹೋಗುವ ನರ ಹಾಳಾಗುತ್ತದೆ. ಕೂಸಿನ ಕಣ್ಣು ಇನ್ನೂ ಮೆತ್ತಗಿರುವುದರಿಂದ ಹಿಗ್ಗುತ್ತದೆ. ನಾವು "ಕಣ್ಣ ಎಷ್ಟ್ ದೊಡ್ಡ ಅದಾವ, ಚಂದ ಅದಾವ" ಅಂತೀವಿ. ಜೊತೆಗೆ ನೀರು ಸುರೀತಿದ್ದರೆ, ಕೂಸು ಬೆಳಕಿಗೆ ಮುಖ ತಿರುಗಿಸ್ತಿದ್ದರೆ, ಕಣ್ಣು ಮಂಜಾಗಿದ್ದರೆ ತಡಮಾಡದೆ ತೋರಿಸಬೇಕು.

ದೊಡ್ಡವರಿಗೆ ಸಾಮಾನ್ಯವಾಗಿ ಮೊದಲು ಡ್ರಾಪ್ಸ್ ಕೊಡ್ತಾರೆ. ಕೂಸಿಗೆ ಆಪರೇಷನ್ನೇ ಮುಖ್ಯ ಚಿಕಿತ್ಸೆ. ಕಣ್ಣಿನ ಮುಂಭಾಗದ ಕಾರ್ನಿಯಾ ತಿಳಿಯಾಗಿದ್ದರೆ ಒಳಗಿನಿಂದ ಜಾಲರಿ ಸೀಳುತ್ತಾರೆ. ಇದು ಗೋನಿಯಾಟಮಿ. ಮಂಜಾಗಿದ್ದರೆ ಒಳಗೆ ಕಾಣೋದಿಲ್ಲ, ಹಾಗಾಗಿ ಹೊರಗಿನಿಂದ ತೆರೆಯುತ್ತಾರೆ. ಇದು ಟ್ರಾಬೆಕ್ಯುಲಾಟಮಿ. ನೀರಿಗೆ ಹೊಸ ಬೈಪಾಸ್ ಮಾಡಿದರೆ ಟ್ರಾಬೆಕ್ಯುಲೆಕ್ಟಮಿ. ಆದರೆ ಮಕ್ಕಳ ಗಾಯ ಬೇಗ ಮಾಯುತ್ತದೆ. ಇಲ್ಲಿ ಅದೇ ತೊಂದರೆ, ಮಾಡಿದ ದಾರಿಯೇ ಮುಚ್ಚಿಹೋಗಬಹುದು. ಕೊನೆಯ ಎರಡನ್ನೂ ಒಟ್ಟಿಗೇ ಮಾಡುವ ವಿಧಾನದಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆಯ ಡಾ. ಅನಿಲ್ ಕುಮಾರ್ ಮಂಡಲ್ ಹೆಸರಾದವರು. ಅವರಿಗೆ 2003ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. ದಾರಿ ಮತ್ತೆ ಮುಚ್ಚಿದರೆ ಸಣ್ಣ ಟ್ಯೂಬ್ ಇಡಬಹುದು. ಮಧುರೈನ ಆರೋಲ್ಯಾಬ್ ಅದನ್ನು ನಮ್ಮ ದೇಶದಲ್ಲೇ ತಯಾರಿಸುತ್ತದೆ.

ಇನ್ನೊಂದು ಮಾತು. ನಮ್ಮಲ್ಲಿ ಸೋದರಮಾವ, ಅತ್ತೆಯ ಮಗ ಅಂತ ಸಂಬಂಧದೊಳಗೇ ಮದುವೆ ಮಾಡೋದು ಇನ್ನೂ ಇದೆ. ಈ ಕಾಯಿಲೆಗೆ ಕಾರಣವಾಗುವ ಒಂದು ಜೀನ್ ಸಿವೈಪಿ1ಬಿ1. ತಂದೆ-ತಾಯಿ ಇಬ್ಬರಲ್ಲೂ ಅದರ ದೋಷದ ಒಂದೊಂದು ಪ್ರತಿ ಇದ್ದರೆ, ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಸಂಭವ. ಆದ್ದರಿಂದ ಮೊದಲ ಮಗುವಿಗೆ ಇದ್ದರೆ, ಮುಂದೆ ಹುಟ್ಟುವ ತಮ್ಮ-ತಂಗಿಯರ ಕಣ್ಣನ್ನೂ ಹುಟ್ಟಿದ ಕೂಡಲೇ ತೋರಿಸಬೇಕು.

ಆಪರೇಷನ್ ಆಯ್ತು ಅಂತ ಬಿಡೋ ಹಾಗಿಲ್ಲ. ಜೀವನಪೂರ್ತಿ ಪ್ರೆಶರ್ ನೋಡಿಸ್ತಾ ಇರಬೇಕು. ಈ ಸಲ ಊರಿಗೆ ಹೋದಾಗ ಯಾರ ಮನೆಯ ಕೂಸಿನ ಕಣ್ಣಾದರೂ ಹೀಗೆ ಕಂಡರೆ, ಚಂದ ಅಂದು ಸುಮ್ಮನಾಗದೆ, ಕಣ್ಣಿನ ಡಾಕ್ಟರಿಗೆ ತೋರಿಸ್ರಿ ಅಂತ ಹೇಳಿ ಬರೋಣ.