ಹೆಸರು ಬದಲಾದರೆ ಹಕ್ಕು ಬದಲಾಗುವುದೇ?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟಗಳ ಪಹಣಿಯಲ್ಲಿ ಒಂಬತ್ತನೆಯ ಕಾಲಂ ಖಾತೆದಾರರದು. ಅಲ್ಲಿ ತಂದೆಯ ಹೆಸರಿಗೆ ಮೊದಲು 'ಬಿನ್' ಎಂದೂ, ಮದುವೆಯಾದ ಹೆಂಗಸಾದರೆ ಗಂಡನ ಹೆಸರಿಗೆ ಮೊದಲು 'ಕೋಂ' ಎಂದೂ ಬರೆಯುವ ಹಳೆಯ ರೂಢಿ ಇಂದಿಗೂ ಉಳಿದಿದೆ. ಹೆಗ್ಗೋಡಿನಂಥ ಊರಿನಿಂದ ಮದುವೆಯಾಗಿ ಹೋದ ಮಗಳ ಹೆಸರು ತವರಿನ ಪಹಣಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆಯಾಗಿದ್ದರೂ ಹಿಂದೆ ಯಾರಿಗೂ ತೊಡಕಾಗುತ್ತಿರಲಿಲ್ಲ. ಪಹಣಿಗೆ ಆಧಾರ್ ಜೋಡಿಸುವ ಕೆಲಸ ಆರಂಭವಾದ ಮೇಲೆ ಆ ವ್ಯತ್ಯಾಸ ಬೆಳೆಸಾಲ, ಬೆಳೆವಿಮೆಗಳವರೆಗೂ ಬಂದು ಕಾಡುತ್ತಿದೆ.

ಮದುವೆಯಾದವಳು ಹೆಸರು ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಬದಲಿಸಿದರೂ ಆಕೆಯ ಆಸ್ತಿಯ ಹಕ್ಕು ಕಿಂಚಿತ್ತೂ ಅಲುಗುವುದಿಲ್ಲ. ನೋಂದಣಿಯಾದ ಕ್ರಯಪತ್ರವಾಗಲಿ ದಾನಪತ್ರವಾಗಲಿ ಆ ದಿನದ ವ್ಯವಹಾರದ ದಾಖಲೆಯಾದ್ದರಿಂದ, ಮುಂದೆ ಹೆಸರು ಬದಲಾಯಿತೆಂದು ಅದನ್ನು ತಿದ್ದಬೇಕಾಗಿಲ್ಲ. ತಿದ್ದುಪಡಿ ಪತ್ರವೆಂಬುದು ಬರೆಯುವಾಗಲೇ ನುಸುಳಿದ ತಪ್ಪಿಗೆ, ಅಂದರೆ ಸರ್ವೆ ನಂಬರಿನ ಅಥವಾ ಕಾಗುಣಿತದ ದೋಷಕ್ಕೆ ಮಾತ್ರ ಇರುವಂಥದು. ಅದಕ್ಕೆ ಮೂಲಪತ್ರದ ಇನ್ನೊಬ್ಬ ಕಕ್ಷಿದಾರರ ಸಹಿಯೂ ಬೇಕಾಗುವುದರಿಂದ, ಮದುವೆಯ ಹೆಸರಿಗಾಗಿ ಹಳೆಯ ಮಾರಾಟಗಾರರನ್ನು ಹುಡುಕಿಕೊಂಡು ಹೋಗುವುದು ವ್ಯರ್ಥ ಶ್ರಮ. ಬೇಕಿರುವುದು ಎರಡು ಹೆಸರುಗಳೂ ಒಬ್ಬಳವೇ ಎಂದು ತೋರಿಸುವ ಕೊಂಡಿ: ವಿವಾಹ ನೋಂದಣಿ ಪ್ರಮಾಣಪತ್ರ, ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರ, ಸ್ವಂತ ಹೆಸರೇ ಬದಲಾಗಿದ್ದರೆ ರಾಜ್ಯಪತ್ರದ ಪ್ರಕಟಣೆ. ಮದುವೆಯೂ ಕ್ರಯಪತ್ರವೂ ನೋಂದಣಿಯಾಗುವುದು ಉಪನೋಂದಣಿ ಕಚೇರಿಯಲ್ಲಿಯೇ ಆದರೂ ಒಂದು ಪುಸ್ತಕದ ಸುದ್ದಿ ಇನ್ನೊಂದಕ್ಕೆ ತಾನಾಗಿ ತಲುಪುವುದಿಲ್ಲ. ಈ ದಾಖಲೆಗಳೊಂದಿಗೆ ಜಮೀನಿನ ಪಹಣಿಗಾಗಿ ತಾಲ್ಲೂಕು ಕಚೇರಿಗೂ, ಮನೆಯ ಇ-ಸ್ವತ್ತಿಗಾಗಿ ಗ್ರಾಮ ಪಂಚಾಯಿತಿಗೂ ಖಾತೆದಾರರೇ ಅರ್ಜಿ ಕೊಡಬೇಕು.

ತವರಿನ ಪಾಲಿನ ವಿಷಯದಲ್ಲಿ ಮಾತ್ರ ಮದುವೆಯ ತಾರೀಖಿಗೇ ಒಂದು ಕಾಲದಲ್ಲಿ ಬೆಲೆಯಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಆ ಭೇದವನ್ನು ತೆಗೆದುಹಾಕಿದ್ದು 2005ರ ಕೇಂದ್ರ ತಿದ್ದುಪಡಿ.

ವಿಚ್ಛೇದನದ ದಾರಿ ಇಷ್ಟು ಸರಳವಲ್ಲ. ವಿಚ್ಛೇದನದ ಡಿಕ್ರಿ, ಅಂದರೆ ನ್ಯಾಯಾಲಯದ ಅಂತಿಮ ಆದೇಶ, ಮದುವೆಯನ್ನು ಮುರಿಯುತ್ತದೆಯೇ ಹೊರತು ಜಂಟಿ ಖಾತೆಯನ್ನು ಮುರಿಯುವುದಿಲ್ಲ. ಒಬ್ಬರ ಪಾಲು ಇನ್ನೊಬ್ಬರಿಗೆ ಹೋಗಬೇಕಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ, ದಾನಪತ್ರ ಅಥವಾ ಆಸ್ತಿಯನ್ನು ಸ್ಪಷ್ಟವಾಗಿ ಹೆಸರಿಸಿದ ಆದೇಶ ಬೇಕು. ದಾವೆಯ ವಿಷಯವೇ ಅಲ್ಲದ ಸ್ಥಿರಾಸ್ತಿಯನ್ನು ರಾಜಿಯಲ್ಲಿ ಸೇರಿಸಿದರೆ ಆ ರಾಜಿ ಡಿಕ್ರಿಗೂ ನೋಂದಣಿ ಅಗತ್ಯವಾದ್ದರಿಂದ, ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿಗಳನ್ನು ಅರ್ಜಿಯಲ್ಲಿಯೇ ಬರೆಸುವುದು ಜಾಣತನ. ತೋಟದ ಮೇಲಿನ ಸೊಪ್ಪಿನ ಬೆಟ್ಟವನ್ನು ಸ್ವಂತ ಜಮೀನಿನಂತೆ ಹಂಚಿಕೊಳ್ಳಲು ಬರುವುದಿಲ್ಲ. ಅಲ್ಲಿರುವುದು ಸೊಪ್ಪು ಸೌದೆಯ ಸೌಲಭ್ಯವೇ ಹೊರತು ಮಾಲೀಕತ್ವವಲ್ಲ. ದಂಪತಿಗಳ ನಡುವಿನ ದಾನಪತ್ರಕ್ಕೆ ಸಿಗುವ ಸ್ಟಾಂಪ್ ಶುಲ್ಕದ ರಿಯಾಯಿತಿ ದಂಪತಿಗಳಾಗಿರುವವರೆಗಿನ ಮಾತು ಎಂಬುದನ್ನು ಬಹಳ ಮಂದಿ ತಡವಾಗಿ ತಿಳಿಯುತ್ತಾರೆ.

ಪತ್ರವಾದ ಮೇಲೆ ಖಾತೆ ಬದಲಾವಣೆ, ಅಂದರೆ ಮ್ಯುಟೇಷನ್, 1964ರ ಭೂಕಂದಾಯ ಕಾಯ್ದೆಯ 128 ಮತ್ತು 129ನೆಯ ಕಲಮುಗಳಂತೆ ನೋಟಿಸು, ಆಕ್ಷೇಪಣೆಗಳ ಹಂತ ದಾಟಿ ನಡೆಯುತ್ತದೆ. ಆದೇಶ ಒಪ್ಪಿಗೆಯಾಗದಿದ್ದರೆ ಸಾಗರ, ಹೊಸನಗರದವರು ಸಾಗರದ ಉಪವಿಭಾಗಾಧಿಕಾರಿಗೂ ತೀರ್ಥಹಳ್ಳಿಯವರು ಶಿವಮೊಗ್ಗದ ಉಪವಿಭಾಗಾಧಿಕಾರಿಗೂ ಮೇಲ್ಮನವಿ ಸಲ್ಲಿಸಬಹುದು. ಆದರೂ ಪಹಣಿಯ ನಮೂದು ಸುಳ್ಳೆಂದು ರುಜುವಾಗುವವರೆಗೆ ನಿಜವೆಂದು ಭಾವಿಸತಕ್ಕದ್ದಷ್ಟೇ. ಹಕ್ಕನ್ನು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ.

ಬೇರೆಯಾಗಲು ಹೊರಟವರು ರಾಜಿಪತ್ರಕ್ಕೆ ಸಹಿ ಹಾಕುವ ಮುನ್ನ ಋಣಭಾರ ಪತ್ರವನ್ನೂ ಪಹಣಿಯ ಹನ್ನೊಂದನೆಯ ಕಾಲಮ್ಮನ್ನೂ ನೋಡಬೇಕು. ಜಂಟಿಯಾಗಿ ಮಾಡಿದ ಸಾಲವಿದ್ದರೆ, ಖಾತೆಯಿಂದ ಹೆಸರು ತೆಗೆದ ಮಾತ್ರಕ್ಕೆ ಬ್ಯಾಂಕು ಆ ಹೊಣೆಯಿಂದ ಯಾರನ್ನೂ ಬಿಡುವುದಿಲ್ಲ.